ಹಳೇ ಕಾಗದ ಓದಿ ವಂಶವೃಕ್ಷ ಮಾಡ್ಕೊಡೋ ಶಿವಮೊಗ್ಗದ ಸರ್ವಿಸ್: ನಮ್ಮನೆ ಕೇಸಲ್ಲಿ ಹೇಗಿತ್ತು

ವಂಶವೃಕ್ಷ ಮಾಡಿಸ್ಬೇಕು ಅಂತಿರೋವ್ರಿಗೆ ಮೊದಲೇ ಹೇಳಿಬಿಡ್ತೀನಿ, ಹಾಲ್‌ನಲ್ಲಿ ನೇತು ಹಾಕೋಕೆ ಬಣ್ಣದ ಮರ, ಎಲೆಗೊಂದು ಫೋಟೊ, ಗೋಲ್ಡನ್ ಫ್ರೇಮ್ ಬೇಕು ಅಂದ್ರೆ ಇಲ್ಲಿಗೆ ಹೋಗ್ಬೇಡಿ. ಇವ್ರು ಕೊಡೋದು ಟೈಪ್ ಮಾಡಿದ ಒಂದಿಷ್ಟು ಹಾಳೆ, ಜೊತೆಗೆ ಪೆನ್ಸಿಲಲ್ಲಿ ಗೀಚಿದ ಒಂದು ನಕ್ಷೆ. ಆದ್ರೆ ನಿಮ್ಮನೇಲಿ ಒಬ್ಬ ಅಜ್ಜನ ಬಗ್ಗೆ ಒಂದು ಕಾಗದ ಒಂದು ಹೇಳುತ್ತೆ, ಇನ್ನೊಂದು ಕಾಗದ ಇನ್ನೊಂದು ಹೇಳುತ್ತೆ, ದೊಡ್ಡಪ್ಪ ಮೂರನೇದು ಹೇಳ್ತಾರೆ ಅನ್ನೋ ಪರಿಸ್ಥಿತಿ ಇದ್ರೆ ಕಣ್ಮುಚ್ಕೊಂಡು ಹೋಗಿ.

ಜಾಗ ಗಾಂಧಿ ಬಜಾರಿನ ಒಳಗಿನ ಒಂದು ಅಡ್ಡರಸ್ತೆಲಿ, ಬಟ್ಟೆ ಅಂಗಡಿ ಮೇಲಿನ ಮಹಡಿ. ಬೋರ್ಡ್ ಇಲ್ಲ. ಯಜಮಾನ್ರು ಸರ್ವೆ ಇಲಾಖೆಲಿದ್ದು ರಿಟೈರ್ ಆದೋರು, ಹೆಸರು ನಂಬರ್ ಎಲ್ಲೂ ಹಾಕ್ಬೇಡಿ ಅಂತ ಅಂದಿರೋದ್ರಿಂದ ಹಾಕ್ತಿಲ್ಲ, ಹಳೇ ದಸ್ತಾವೇಜು ಬರೆಯೋರನ್ನ ಕೇಳಿದ್ರೆ ತೋರಿಸ್ತಾರೆ. ಮೆಟ್ಟಿಲು ಕಡಿದು, ವಯಸ್ಸಾದವ್ರನ್ನ ಕರ್ಕೊಂಡು ಹೋಗೋದು ಕಷ್ಟ. ಗಾಡಿ ನಿಲ್ಸೋದಂತೂ ಆ ಬಜಾರಲ್ಲಿ ಕೇಳ್ಲೇಬೇಡಿ.

ಈಗ ನಮ್ಮ ಕೇಸು. ಜಮೀನಿನ ವಿಷ್ಯ ಇರೋದ್ರಿಂದ ಮನೆಯವ್ರ ಹೆಸರು ಬರೆಯಲ್ಲ. ನಮ್ಮದು ಸಾಗರ ತಾಲೂಕಿನ ಅಡಿಕೆ ತೋಟದ ಮನೆ, ಮೂಲ ಊರು ಶರಾವತಿ ಮುಳುಗಡೆಲಿ ಹೋಯ್ತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ್ಮೇಲೆ ಅಲ್ಲಿ ಇರೋದು ಬರೀ ನೀರು. ಅದಕ್ಕೇ ಊರಿಗೆ ಹೋಗಿ ಯಾರನ್ನೋ ಕೇಳ್ಕೊಂಡು ಬರೋದು ಅನ್ನೋ ದಾರಿ ನಮಗಿಲ್ಲ, ಟ್ರಂಕಲ್ಲಿ ಬಂದ ಕಾಗದ, ಅಜ್ಜಿ ಬಾಯಲ್ಲಿ ಬಂದ ಮಾತು, ಇಷ್ಟೇ ಆಸ್ತಿ.

ಹೋದ ವರ್ಷ ದೊಡ್ಡಪ್ಪ ದೇವಕಾರ್ಯಕ್ಕೆ ಅಂತ ದೊಡ್ಡ ಊರಿನ ಒಂದು ಕಂಪನಿಗೆ ದುಡ್ಡು ಕೊಟ್ಟು ವಂಶವೃಕ್ಷ ಮಾಡಿಸಿದ್ರು. ಸಖತ್ತಾಗಿತ್ತು ನೋಡೋಕೆ. ಅದರಲ್ಲಿ ನಮ್ಮಜ್ಜನ ಅಜ್ಜ ಹುಟ್ಟಿದ್ದು 1858ರ ಸುಮಾರಿಗೆ, ತೀರಿಕೊಂಡಿದ್ದು 1964ರ ನಂತರ! ನೂರ ಆರು ವರ್ಷಕ್ಕೂ ಮೇಲೆ ಬದುಕಿದ್ರಂತೆ, ಮನೇಲಿ ಒಬ್ರಿಗೂ ಗೊತ್ತಿಲ್ಲ. ಅದ್ಯಾಕೆ ಹಾಗಾಯ್ತು ಅಂದ್ರೆ ಮುಳುಗಡೆ ಪರಿಹಾರದ ಪಟ್ಟಿಲಿ ಖಾತೆದಾರರು ಅಂತ ಅವರ ಹೆಸರೇ ಇತ್ತು. ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ, ಸತ್ತು ಎರಡು ತಲೆಮಾರಾದ್ರೂ ಪೌತಿ ಖಾತೆ (ಸತ್ತವ್ರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸದೆ ಅಜ್ಜನ ಹೆಸರಲ್ಲೇ ಪಹಣಿ ಓಡ್ತಾ ಇರುತ್ತೆ. ಪಹಣಿಲಿ ಹೆಸರಿದೆ ಅಂದ್ರೆ ಕಂದಾಯ ಆ ಹೆಸರಲ್ಲಿ ಕಟ್ತಿದಾರೆ ಅಂತ ಅರ್ಥವೇ ಹೊರತು ಆ ಮನುಷ್ಯ ಉಸಿರಾಡ್ತಿದ್ದಾನೆ ಅಂತಲ್ಲ. ಇದನ್ನ ಯಜಮಾನ್ರು ಕಂಪನಿ ಮಾಡ್ಕೊಟ್ಟ ವಂಶವೃಕ್ಷದ ಫೋಟೊ ನೋಡಿದ ಕೂಡಲೇ ಹೇಳಿದ್ರು, ಆಮೇಲೆ ಸ್ವಲ್ಪ ಹೊತ್ತು ನಕ್ಕರು.

ಆದ್ರೆ ನಿಜವಾದ ಗಲಾಟೆ ಅದಲ್ಲ. ಗಲಾಟೆ ಇರೋದು ಆ ಅಜ್ಜನ ಅಪ್ಪ ಯಾರು ಅನ್ನೋದ್ರಲ್ಲಿ. ನಮ್ಮತ್ರ ಒಂದು ಭೋಗ್ಯ ಪತ್ರ ಇದೆ, ಸಾಲಕ್ಕೆ ನಮ್ಮ ಹಳೇ ತೋಟನ ಭೋಗ್ಯಕ್ಕೆ ಹಾಕಿದ್ದು, ಬರೆದುಕೊಟ್ಟವರು ಅದೇ ಹೆಸರಿನ ಅಜ್ಜ, ಮುಂದೆ ‘ಬಿನ್’ ಅಂತ ಹಾಕಿ ಅಪ್ಪನ ಹೆಸರು. ಖರ ಸಂವತ್ಸರ ಅಂತಿದೆ. ಶಕವರ್ಷ ಬರೆದಿರೋ ಮೂಲೆ ಗೆದ್ದಲ ಹೊಟ್ಟೆ ಸೇರಿದೆ. ಇನ್ನೊಂದು ಕಡೆ ನಮ್ಮ ಪುರೋಹಿತ್ರ ಮನೆಯ ಹಳೇ ಪುಸ್ತಕದಲ್ಲಿ ಮುತ್ತಜ್ಜ ಮಾಡ್ತಿದ್ದ ಶ್ರಾದ್ಧದ ಹೆಸರುಗಳಿವೆ, ಅಲ್ಲಿ ಈ ಅಜ್ಜನ ಅಪ್ಪನ ಹೆಸರು ಬೇರೆನೇ. ಇದರ ಮೇಲೆ ಅಜ್ಜಿ ಹೇಳ್ತಿದ್ದ ಮಾತು, ‘ಅವ್ರು ಹೊಳೆ ಆಚೆ ಕಡೆಯಿಂದ ದತ್ತು ಬಂದೋರು’ ಅಂತ. ಕಂಪನಿಯವ್ರು ಏನ್ ಮಾಡಿದ್ರು ಅಂದ್ರೆ ಪತ್ರ ಅಂದ್ರೆ ಲೀಗಲ್ ಡಾಕ್ಯುಮೆಂಟು, ಅದೇ ಸರಿ ಅಂತ ಇಟ್ಕೊಂಡು, ಖರ ಅಂದ್ರೆ 1891 ಅಂತ ಮಾಡಿ, ಪುರೋಹಿತ್ರ ಪುಸ್ತಕದ ಹೆಸರನ್ನ ತೆಗೆದು ಬಿಸಾಕಿ, ದತ್ತು ಕಥೆನೂ ಬಿಟ್ಟು, ಖಾಲಿ ಜಾಗನೇ ಇಲ್ಲದ ಹಾಗೆ ಮರ ಮುಗಿಸಿದ್ರು.

ಯಜಮಾನ್ರು ಮೊದಲ ದಿನ ಪತ್ರ ಓದ್ಲೇ ಇಲ್ಲ. ಒಂದು ಹಾಳೆಗೆ ಗೆರೆ ಎಳೆದು, ಪ್ರತಿ ಸಂಗತಿನೂ ಯಾರು ಹೇಳಿದ್ದು, ಅವರಿಗೆ ಅದು ಹೇಗೆ ಗೊತ್ತು, ಅವರು ಆಗ ಅಲ್ಲಿದ್ರಾ ಅಂತ ಬರೆಸಿದ್ರು. ದತ್ತು ವಿಷ್ಯಕ್ಕೆ ನಾವು ಜಂಬದಿಂದ ಸಾಕ್ಷಿ ಕೊಟ್ವಿ, ದೊಡ್ಡಪ್ಪ ಹೇಳ್ತಾರೆ, ಅತ್ತೆ ಹೇಳ್ತಾರೆ, ಸಿರ್ಸಿ ಕಡೆ ನೆಂಟ್ರು ಹೇಳ್ತಾರೆ, ಅಷ್ಟು ಜನ ಹೇಳಿದ್ಮೇಲೆ ಸುಳ್ಳಾಗುತ್ತಾ ಅಂತ. ಅವ್ರು ಒಬ್ಬೊಬ್ರದ್ದೇ ಕೇಳ್ತಾ ಹೋದ್ರು, ನಿಮ್ಮ ಅತ್ತೆಗೆ ಯಾರು ಹೇಳಿದ್ದು? ಅಜ್ಜಿ. ದೊಡ್ಡಪ್ಪಂಗೆ? ಅಜ್ಜಿ. ಸಿರ್ಸಿಯವ್ರಿಗೆ? ಅಜ್ಜಿ ಅಲ್ಲಿಗೆ ಬಾಣಂತನಕ್ಕೆ ಹೋದಾಗ. ಸರಿ, ಹಂಗಾದ್ರೆ ಒಂದೇ ಸಾಕ್ಷಿ ಅಂತ ಹೇಳಿ ಎಲ್ಲದಕ್ಕೂ ಸೇರಿಸಿ ಒಂದೇ ಗೆರೆ ಹಾಕಿದ್ರು. ದೊಡ್ಡಪ್ಪನ ಮುಖ ನೋಡ್ಬೇಕಿತ್ತು.

ಆಮೇಲೆ ಪತ್ರ ತೆಗೆದ್ರು. ಶ್ಯಾನುಭೋಗರ ಕೂಡು ಅಕ್ಷರ, ಪದದ ಮಧ್ಯ ಜಾಗ ಇಲ್ಲ, ಹ್ರಸ್ವ ದೀರ್ಘ ಕೇಳೋಹಂಗೇ ಇಲ್ಲ, ನಮಗೆ ಎರಡು ಸಾಲು ಓದೋಕೆ ಬೆವರಿಳಿದಿತ್ತು, ಅವ್ರು ಲೆನ್ಸ್ ಹಿಡ್ಕೊಂಡು ಪೇಪರ್ ಓದ್ದಂಗೆ ಓದಿದ್ರು. ಈಗ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಬಹಳ ಮನೇಲಿ ಇದೇ ತಾಪತ್ರಯ ಇರುತ್ತೆ. ಸಂವತ್ಸರ ಅರವತ್ತು, ಒಂದು ಸುತ್ತು ಮುಗಿದ್ರೆ ಮತ್ತೆ ಅದೇ ಹೆಸರು. ಖರ ಅನ್ನೋದು 1831-32ರಲ್ಲೂ ಬಂತು, 1891-92ರಲ್ಲೂ ಬಂತು, 1951-52ರಲ್ಲೂ ಬಂತು. ಶಕವರ್ಷ ಇದ್ದಿದ್ರೆ ತಲೆನೋವಿಲ್ಲ, 1753 ಅಂತಿದ್ರೆ ಮೊದಲನೇದು, 1813 ಅಂತಿದ್ರೆ ಎರಡನೇದು, 78 ಸೇರಿಸಿದ್ರೆ ಆಯ್ತು. ಅದಿಲ್ಲ ಅಂದ್ರೆ ಬರೀ ಸಂವತ್ಸರ ನೋಡಿ ಇಸವಿ ಹೇಳೋದು ಕಣ್ಣು ಮುಚ್ಚಿ ಕಲ್ಲು ಹೊಡೆದ ಹಾಗೆ. ಇದರ ಜೊತೆಗೆ ನಮ್ಮವ್ರ ಪದ್ಧತಿ ಏನು? ಮೊಮ್ಮಗಂಗೆ ಅಜ್ಜನ ಹೆಸರು. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ತಿರುಗಿ ಬರುತ್ತೆ. ಎರಡು ತಲೆಮಾರು ಅಂದ್ರೆ ಹೆಚ್ಚುಕಮ್ಮಿ ಐವತ್ತು ಅರವತ್ತು ವರ್ಷ. ಅಂದ್ರೆ ಅದೇ ಸಂವತ್ಸರ ಸುತ್ತಿ ಬರೋ ಹೊತ್ತಿಗೆ ಅದೇ ತೋಟದಲ್ಲಿ ಅದೇ ಹೆಸರಿನ ಇನ್ನೊಬ್ಬ ಯಜಮಾನ ಕೂತಿರ್ತಾನೆ! ಇದನ್ನ ಅವ್ರು ಹೇಳಿದಾಗ ನಂಗೆ ಮೈ ಜುಮ್ ಅಂತು, ಇಷ್ಟು ಸಿಂಪಲ್ ಲೆಕ್ಕ ಆ ಕಂಪನಿಯವ್ರಿಗೆ ಹೊಳೀಲೇ ಇಲ್ವಲ್ಲ ಮಾರಾಯ್ರೆ.

ಸರಿ, ಯಾವ ಖರ? ಪತ್ರದಲ್ಲಿ ತಿಥಿ, ವಾರ ಎರಡೂ ಇದ್ವು. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಹಳೇ ಪಂಚಾಂಗ ಕೋಷ್ಟಕ ತೆಗೆದು ಎರಡೂ ವರ್ಷಕ್ಕೆ ಲೆಕ್ಕ ಹಾಕಿದ್ರು, 1831ಕ್ಕೆ ವಾರ ಕೂಡಿ ಬಂತು, 1891ಕ್ಕೆ ಬರಲಿಲ್ಲ. ನಾನು ಮುಗೀತಲ್ಲ ಅಂದೆ. ಇಲ್ಲ ಅಂದ್ರು. ವಾರ ಇರೋದೇ ಏಳು, ಏಳಕ್ಕೊಂದು ಸುಮ್ಸುಮ್ನೆ ಹೊಂದುತ್ತೆ, ಬರೆಯೋನು ವಾರ ತಪ್ಪಿರ್ಲೂಬಹುದು, ಒಂದನ್ನೇ ನಂಬ್ಕೊಂಡು ಕೂರೋಕಾಗಲ್ಲ. ಆಮೇಲೆ ದುಡ್ಡು ನೋಡಿದ್ರು. ಪತ್ರದಲ್ಲಿ ರೂಪಾಯಿ ಇಲ್ಲ, ಬಹದ್ದೂರಿ ವರಹ ಅಂತಿದೆ. ಅದು ಹೈದರಾಲಿ 1763ರಲ್ಲಿ ಬಿದನೂರು (ಈಗಿನ ಹೊಸನಗರ ತಾಲೂಕಿನ ನಗರ) ತಗೊಂಡ ಮೇಲೆ ಬಂದ ನಾಣ್ಯ, ನಗರ ಸೀಮೇಲಿ ಚಾಲ್ತಿಲಿದ್ದಿದ್ದು. 1891ರ ಹೊತ್ತಿಗೆ ಎಲ್ಲ ಕಡೆ ರೂಪಾಯಿ. ಹಳೇ ಕಾಲದವ್ರು ಬಾಯಲ್ಲಿ ವರಹದ ಲೆಕ್ಕ ಹೇಳ್ತಾನೇ ಇದ್ರು, ಆದ್ರೆ ಭೋಗ್ಯ ಪತ್ರದಲ್ಲಿ ಸಾಲದ ಮೊತ್ತನೇ ವರಹದಲ್ಲಿ ಬರೆಯೋದು ಆಗ ಅಪರೂಪ ಅಂದ್ರು. ಮೂರನೇದು ಕಾಗದ, ಸ್ಟಾಂಪ್ ಇಲ್ಲದ ಬರೀ ಕಾಗದ, ಅದೂ ಹಳೇ ವರ್ಷದ ಕಡೆಗೇ ವಾಲುತ್ತೆ. ಸ್ಟಾಂಪ್ ಪೇಪರ್ ಆಗಿದ್ರೆ ಹಿಂದುಗಡೆ ವೆಂಡರ್ ಬರೆದ ತಾರೀಖು, ಕೊಂಡವ್ರ ಹೆಸರು ಸಿಗ್ತಿತ್ತು, ಗಲಾಟೆನೇ ಇರ್ತಿರಲಿಲ್ಲ. ಈ ಮೂರನೇ ಸಾಕ್ಷಿನ ಅವ್ರೇ ‘ಬಲ ಕಡಿಮೆ’ ಅಂತ ಬರೆದಿದಾರೆ, ಯಾಕಂದ್ರೆ ಮನೆಮನೆ ಒಳಗಿನ ವ್ಯವಹಾರ ಬಿಳಿ ಕಾಗದದ ಮೇಲೂ ನಡೀತಿತ್ತು. ಮೂರೂ ಒಂದೇ ಕಡೆ ಕೈ ತೋರಿಸ್ತಿರೋದ್ರಿಂದ 1831 ಅಂತ ಇಟ್ಕೊಂಡ್ರು. ಆ ವರ್ಷನೇ ನಗರದ ರೈತರ ದಂಗೆ, ಅದೇ ವರ್ಷ ಮೈಸೂರು ಬ್ರಿಟಿಷ್ ಕಮಿಷನರ್‌ಗಳ ಕೈಗೆ ಹೋಗಿದ್ದು. ಅಂಥ ಹೊತ್ತಲ್ಲಿ ತೋಟ ಭೋಗ್ಯಕ್ಕೆ ಹಾಕಿದ್ದು ಯಾಕೋ ಏನೋ, ಅದನ್ನ ಮಾತ್ರ ಅವ್ರು ಊಹೆ ಮಾಡೋಕೆ ಒಪ್ಪಲಿಲ್ಲ, ನಾನೇ ಮನಸ್ಸಲ್ಲಿ ಮಾಡ್ಕೊಂಡೆ.

1831ರಲ್ಲಿ ಪತ್ರ ಬರೆದುಕೊಟ್ಟ ಮನುಷ್ಯ 1858ರಲ್ಲಿ ಹುಟ್ಟಿರೋಕೆ ಸಾಧ್ಯ ಇಲ್ಲ. ಅಲ್ಲಿಗೆ ಇಬ್ರು. ಹಿರಿಯವ್ರೊಬ್ರು, ಕಿರಿಯವ್ರೊಬ್ರು, ಹೆಸರು ಒಂದೇ.

ಈಗ ಪುರೋಹಿತ್ರ ಪುಸ್ತಕ. ಶ್ರಾದ್ಧದಲ್ಲಿ ಮೂರು ತಲೆಮಾರು ಹೇಳ್ತಾರೆ, ಅಪ್ಪ ವಸು, ಅಜ್ಜ ರುದ್ರ, ಮುತ್ತಜ್ಜ ಆದಿತ್ಯ, ಈ ಕ್ರಮ ತಪ್ಪೋಹಂಗಿಲ್ಲ. ನಮ್ಮ ಮುತ್ತಜ್ಜ ಹೇಳ್ತಿದ್ದ ಹೆಸರುಗಳಲ್ಲಿ ಮೊದಲನೇದು ಈ ಕಿರಿಯವ್ರದ್ದು, ಎರಡನೇದು ಒಂದು ಬೇರೆ ಹೆಸರು, ಮೂರನೇದು ಮತ್ತೆ ಮೊದಲನೇ ಹೆಸರೇ. ಕಂಪನಿಯವ್ರು ಇದನ್ನ ನೋಡಿ ‘ಒಂದೇ ಹೆಸರು ಎರಡು ಸಲ ಬಂದಿದೆ, ಬರೆಯುವಾಗ ತಪ್ಪಾಗಿದೆ’ ಅಂತ ನೋಟ್ ಹಾಕಿದ್ರು. ತಪ್ಪಲ್ಲ ಸ್ವಾಮಿ, ಅದೇ ಉತ್ತರ! ಭೋಗ್ಯ ಪತ್ರದ ಹಿರಿಯವ್ರು, ಅವರ ಮಗ ನಡುವಿನವ್ರು, ಅವರ ಮಗ ಕಿರಿಯವ್ರು. ಪತ್ರಕ್ಕೂ ಪುಸ್ತಕಕ್ಕೂ ಜಗಳವೇ ಇಲ್ಲ, ಎರಡೂ ಸರಿ, ಇಬ್ರು ಬೇರೆ ಬೇರೆ ಮನುಷ್ಯರ ಬಗ್ಗೆ ಹೇಳ್ತಿದಾವೆ ಅಷ್ಟೇ. ಕಂಪನಿಯ ಮರದಲ್ಲಿ ಇಬ್ರನ್ನ ಒಬ್ರು ಮಾಡಿ ನಡುವಿನವ್ರನ್ನ ಪೂರ್ತಿ ನುಂಗಿಬಿಟ್ಟಿದ್ರು. ಆಮೇಲೆ ಹಳೇ ಕೈಬರಹದ ಕಂದಾಯ ದಾಖಲೆಲಿ ಕಿರಿಯವ್ರ ಹೆಸರ ಮುಂದೆ ‘ಬಿನ್’ ಅಂತ ನಡುವಿನವ್ರ ಹೆಸರೇ ಇರೋದೂ ಸಿಕ್ತು. ಇದು ಸಿಕ್ಕಿದ್ದು ಅವ್ರ ಸರ್ವೆ ಇಲಾಖೆ ಅನುಭವದಿಂದ, ಯಾವ ರಿಜಿಸ್ಟರ್ ಯಾವ ರೂಮಲ್ಲಿರುತ್ತೆ, ಅರ್ಜಿಲಿ ಯಾವ ಪದ ಬರೆದ್ರೆ ನಕಲು ಕೊಡ್ತಾರೆ ಅನ್ನೋದು ಅವ್ರಿಗೆ ಬಾಯಿಪಾಠ.

ದತ್ತು ಕಥೆ ಮಾತ್ರ ಬೇರೆ ತರ ಆಯ್ತು. ಶ್ರಾದ್ಧದ ಪುಸ್ತಕದಿಂದ ಅದು ತಿಳಿಯಲ್ಲ, ಯಾಕಂದ್ರೆ ದತ್ತು ಹೋದವ್ರು ಹೋದ ಮನೆಯ ಗೋತ್ರ, ಹೋದ ಮನೆಯ ಪಿತೃಗಳನ್ನೇ ಹೇಳೋದು, ಹುಟ್ಟಿದ ಮನೆ ಅಲ್ಲಿ ಬರೋದೇ ಇಲ್ಲ. ದತ್ತಕ ಪತ್ರ ನಮ್ಮತ್ರ ಇಲ್ಲ. ಅಜ್ಜ ಹುಟ್ಟಿದ್ದು ಅಲ್ಲೇ ಅಂತ ನಾವು ನಂಬಿರೋ ಹೊಳೆ ಆಚೆ ಮನೆಯವ್ರ ಹಳೇ ಪಾಲುಪಟ್ಟಿ ಹೇಗೋ ನೋಡೋಕೆ ಸಿಕ್ತು, ಅದರಲ್ಲಿ ಮೂರು ಜನ ಮಕ್ಕಳಿಗೆ ಪಾಲು, ನಾಲ್ಕನೆಯವ್ರ ಸುದ್ದಿ ಇಲ್ಲ. ದೊಡ್ಡಪ್ಪ ಕುಣಿದಾಡಿದ್ರು, ನೋಡಿ ದತ್ತು ಕೊಟ್ಟಿದ್ದಕ್ಕೇ ಪಾಲಿಲ್ಲ ಅಂತ. ಯಜಮಾನ್ರು ಹೇಳಿದ್ದು, ದತ್ತು ಕೊಟ್ಟಿದ್ರೂ ಪಟ್ಟಿಲಿ ಇರಲ್ಲ, ಅಂಥ ಮಗ ಹುಟ್ಟೇ ಇಲ್ಲದಿದ್ರೂ ಪಟ್ಟಿಲಿ ಇರಲ್ಲ, ಹಾಗಾಗಿ ಇದು ನಿಮ್ಮ ಕಥೆಗೆ ಅಡ್ಡ ಬರಲ್ಲ ಅಷ್ಟೇ, ಸಾಬೀತು ಮಾಡಲ್ಲ. ನಾವು ಪ್ರತಿ ವರ್ಷ ಆ ಕಡೆ ದೇವಸ್ಥಾನಕ್ಕೆ ಕಾಣಿಕೆ ಕಳಿಸ್ತೀವಲ್ಲ ಅಂದ್ವಿ. ಅದು ಯಾವ್ದೋ ಅಜ್ಜಿಯ ತವರುಮನೆ ದೇವರೂ ಆಗಿರ್ಬಹುದಲ್ಲ ಅಂದ್ರು. ಹಿಂಗೇ ಒಂದೊಂದಾಗಿ ನಮ್ಮ ಬತ್ತಳಿಕೆ ಖಾಲಿ ಆಗ್ತಾ ಬಂತು.

ಅವ್ರಿಗೆ ಸ್ವಲ್ಪ ಬಲ ಇದೆ ಅನ್ಸಿದ್ದು ನಾವು ಸಾಕ್ಷಿ ಅಂತ ಯೋಚನೆನೇ ಮಾಡದೆ ಇದ್ದ ಒಂದು ಮಾತು. ಅತ್ತೆ ಹೀಗೇ ಹರಟೆ ಹೊಡೀತಾ, ಆ ಮನೆಗೂ ನಮಗೂ ಗೋತ್ರ ಬೇರೆ, ಆದ್ರೂ ಹೆಣ್ಣು ಕೊಡೋದು ತರೋದು ಇಲ್ಲ, ಒಂದು ಸಲ ಸಂಬಂಧ ಬಂದಾಗ ಹಿರಿಯರು ಕಾರಣ ಹೇಳದೆ ಬೇಡ ಅಂದ್ರು ಅಂತ ಹೇಳಿದ್ರು. ಯಜಮಾನ್ರು ಪೆನ್ನು ಎತ್ಕೊಂಡ್ರು. ದತ್ತು ಹೋದ್ರೆ ಗೋತ್ರ ಬದಲಾಗುತ್ತೆ, ಆದ್ರೆ ಹುಟ್ಟಿದ ಮನೆಯ ರಕ್ತಸಂಬಂಧದ ನಿಷೇಧ ಹೋಗಲ್ಲ, 1956ರ ಹಿಂದೂ ದತ್ತಕ ಕಾಯ್ದೆಲೂ ಹಾಗೇ ಇದೆ, ದತ್ತಕಕ್ಕೆ ಮೊದಲು ಯಾರನ್ನ ಮದುವೆ ಆಗೋಹಂಗಿರಲಿಲ್ವೋ ಆಮೇಲೂ ಆಗೋಹಂಗಿಲ್ಲ. ಬೇರೆ ಗೋತ್ರ, ಜಗಳ ಇಲ್ಲ, ಆದ್ರೂ ಸಂಬಂಧ ಬೇಡ ಅಂದ್ರೆ ಅದಕ್ಕೊಂದು ಕಾರಣ ಇರ್ಬೇಕು, ಅದೂ ಅಜ್ಜಿಯ ಕಥೆಯಿಂದ ಬಂದಿದ್ದಲ್ಲ, ಎರಡೂ ಮನೆಯವ್ರು ನಡ್ಕೊಂಡ ರೀತಿಯಿಂದ ಬಂದಿದ್ದು. ಹಾಗಾಗಿ ವರದಿಲಿ ‘ದತ್ತು ಬಂದಿರುವ ಸಂಭವ ಹೆಚ್ಚು, ಹುಟ್ಟಿದ ಮನೆ ಇದೇ ಎನ್ನುವುದಕ್ಕೆ ನೇರ ದಾಖಲೆ ಇಲ್ಲ’ ಅಂತ ಬರೆದು ನಕ್ಷೇಲಿ ಆ ಕೊಂಬೆಗೆ ಚುಕ್ಕಿ ಗೆರೆ ಹಾಕಿದ್ರು. ಪಕ್ಕದಲ್ಲೇ ಯಾವ ಕಾಗದ ಸಿಕ್ರೆ ಈ ತೀರ್ಮಾನ ಬದಲಾಗುತ್ತೆ ಅಂತಾನೂ ಬರೆದಿದಾರೆ. ನಂಗೆ ಇಡೀ ಸರ್ವಿಸ್ಸಲ್ಲಿ ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಅನ್ಸಿದ್ದು ಆ ಚುಕ್ಕಿ ಗೆರೆ. ದೊಡ್ಡಪ್ಪಂಗೆ ಮಾತ್ರ ಅದೇ ಕೋಪ, ದುಡ್ಡು ಕೊಟ್ಟು ಚುಕ್ಕಿ ಹಾಕಿಸ್ಕೊಂಡ್ ಬಂದಿದೀಯಾ ಅಂತ ಇನ್ನೂ ಬೈತಾರೆ.

ಡಿಎನ್ಎ ಟೆಸ್ಟ್ ಮಾಡಿಸೋಣ್ವಾ ಅಂತ ನನ್ನ ತಮ್ಮ ಕೇಳಿದ್ದ. ಯಜಮಾನ್ರು ಬೇಡ ಅನ್ನಲಿಲ್ಲ, ಆದ್ರೆ ತಲೆತಲಾಂತರದಿಂದ ಸೋದರತ್ತೆ ಮಗಳು ಸೋದರಮಾವನ ಮಗ ಅಂತ ಒಳಗೊಳಗೇ ಮದುವೆ ಆದ ಸಮಾಜದಲ್ಲಿ ಎಲ್ರಿಗೂ ಎಲ್ರೂ ಹತ್ರದ ನೆಂಟ್ರ ಹಾಗೇ ಕಾಣ್ತಾರೆ, ಆಚೆ ಮನೆಯ ಗಂಡು ಸಂತತಿಯವ್ರು ಯಾರಾದ್ರೂ ಒಪ್ಪಿ ನಿಮ್ಮನೆ ಗಂಡಸರ ಜೊತೆ ಅಪ್ಪನ ಕಡೆಯ ವೈ ಕ್ರೋಮೋಸೋಮ್ ಟೆಸ್ಟ್ ಮಾಡಿಸಿದ್ರೆ ಏನಾದ್ರೂ ಗೊತ್ತಾಗ್ಬಹುದು, ಅದೂ ಎರಡು ಮನೆ ಒಂದೇ ಬುಡ ಹೌದೋ ಅಲ್ವೋ ಅಂತ ಹೇಳುತ್ತೆ, ಯಾವ ಅಜ್ಜನ ಮಗ ಅಂತ ಹೆಸರು ಹೇಳಲ್ಲ ಅಂದ್ರು. ಅಲ್ಲಿಗೆ ತಮ್ಮನ ಉತ್ಸಾಹ ಇಳೀತು.

ಇನ್ನು ಬೇಜಾರಿನ ವಿಷ್ಯಗಳು. ಫೋನ್ ಎತ್ತಲ್ಲ, ವಾಟ್ಸ್‌ಆ್ಯಪ್ ನೀಲಿ ಟಿಕ್ ಬಂದ್ರೂ ಉತ್ತರ ಬರಲ್ಲ, ಹೋಗಿ ಮುಂದೆ ಕೂತ್ರೆ ಮಾತ್ರ ಕೆಲಸ. ಇಷ್ಟು ದಿನಕ್ಕೆ ಕೊಡ್ತೀನಿ ಅನ್ನೋದೇ ಇಲ್ಲ. ಓದೋದಕ್ಕೆ ಪುಟದ ಲೆಕ್ಕ, ಕಚೇರಿ ತಿರುಗಾಟಕ್ಕೆ ಬಸ್ ಚಾರ್ಜು ಊಟ, ನಕಲಿನ ಫೀಸು ಬೇರೆ, ಮೊದಲೇ ಒಂದು ಅಂದಾಜು ಬರೆಸ್ಕೊಳ್ಳಿ ಇಲ್ಲಾಂದ್ರೆ ಕೊನೆಗೆ ಎದೆ ಧಸಕ್ ಅನ್ನುತ್ತೆ. ಟೈಪಿಂಗ್ ತಪ್ಪು ಸಿಕ್ಕಾಪಟ್ಟೆ, ನಮ್ಮ ತೋಟದ ಸರ್ವೆ ನಂಬರೇ ಒಂದು ಕಡೆ ತಪ್ಪಾಗಿತ್ತು, ಹೇಳಿದ್ಮೇಲೆ ಸರಿ ಮಾಡಿದ್ರು. ಮಾತು ಸ್ವಲ್ಪ ಒರಟು, ನಿಮ್ಮ ಕುಟುಂಬದಲ್ಲಿ ಕೆಳದಿ ಅರಸರ ದಿವಾನರಿದ್ರು ಅಂತ ಶುರು ಮಾಡಿದ್ರೆ ಅಲ್ಲೇ ಆಕಳಿಸ್ತಾರೆ.

ಒಳ್ಳೇದು ಅಂದ್ರೆ ಮೂಲ ಕಾಗದ ಒಂದನ್ನೂ ಇಟ್ಕೊಳ್ಳಲ್ಲ, ನಿಮ್ಮೆದುರೇ ಫೋಟೊ ತೆಗೆದು ವಾಪಸ್ ಕೊಡ್ತಾರೆ. ಹಳೇ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿದವ್ರಿಗೆ ಚೆನ್ನಾಗಿ ಬೈತಾರೆ, ಪ್ಲಾಸ್ಟಿಕ್ ಹಾಕಿ ಬಿಸಿ ಮಾಡಿದ್ಮೇಲೆ ಅದನ್ನ ಮತ್ತೆ ಬಿಡಿಸೋಕಾಗಲ್ಲ, ಒಳಗೇ ಹಾಳಾಗುತ್ತೆ. ತಾಳೆಗರಿ, ಕಡತ (ಕಪ್ಪು ಬಳಿದ ಬಟ್ಟೆಯ ಹಳೇ ಮಡಿಕೆ ಪುಸ್ತಕ) ಇದ್ರೆ ತಾವು ಮುಟ್ಟೋಕೆ ಹೋಗದೆ ಕೆಳದಿಗೆ ಹೋಗಿ ಅಂತಾರೆ, ಅಲ್ಲಿ ಗುಂಡಾ ಜೋಯಿಸರು ಕಟ್ಟಿದ ಮ್ಯೂಸಿಯಂ ಈಗ ಕುವೆಂಪು ವಿಶ್ವವಿದ್ಯಾಲಯದ ಕೈಲಿದೆ, ಹಳೇ ಬರಹ ಹೇಗಿರುತ್ತೆ ಅಂತ ನೋಡೋಕಾದ್ರೂ ಒಂದು ಸಲ ಹೋಗಿಬನ್ನಿ, ಸಾಗರದಿಂದ ಹತ್ರನೇ.

ಇನ್ನೊಂದು, ನಾಡಕಚೇರಿಲಿ ಸಿಗೋ ವಂಶವೃಕ್ಷ ಸರ್ಟಿಫಿಕೇಟಿಗೂ ಇದಕ್ಕೂ ಸಂಬಂಧ ಇಲ್ಲ. ಖಾತೆ ಬದಲಾವಣೆಗೆ, ಬ್ಯಾಂಕಿಗೆ ಬೇಕಾಗಿರೋದು ಅದು, ಅದಕ್ಕೆ ಆಧಾರ ನೀವೇ ಕೊಡೋ ಅಫಿಡವಿಟ್ಟು, ಸ್ಥಳೀಯರ ಹೇಳಿಕೆ. ಈ ಯಜಮಾನ್ರ ಹಾಳೆ ಹಿಡ್ಕೊಂಡು ಹೋಗಿ ಅಲ್ಲಿ ಜಗಳ ಆಡ್ಬೇಡಿ.

ಐದಕ್ಕೆ ನಾಲ್ಕು ಸ್ಟಾರ್. ಹೋಗೋ ಮುಂಚೆ ಮನೇಲಿರೋ ಎಲ್ಲ ಶ್ರಾದ್ಧದ ತಿಥಿಗಳು, ಪುರೋಹಿತ್ರ ಪುಸ್ತಕದ ಫೋಟೊ, ಸಿಕ್ಕಷ್ಟು ಹಳೇ ಪಹಣಿ, ಮತ್ತೆ ಮನೇಲಿ ಹೆಚ್ಚು ಹರಟೆ ಹೊಡೆಯೋ ಅತ್ತೆ ಒಬ್ರು, ಇಷ್ಟನ್ನ ಕರ್ಕೊಂಡು ಹೋಗಿ. ಜೂನ್ ಜುಲೈಲಿ ಬೇಡ, ಆ ಮೆಟ್ಟಿಲು ಹತ್ತೋ ಅಷ್ಟರಲ್ಲಿ ಕಾಗದ ಒದ್ದೆ ಆಗುತ್ತೆ, ಕರೆಂಟೂ ಇರಲ್ಲ.